ಚಲಚ್ಚಿತ್ರ ಶೈಲಿಯಲ್ಲಿ ನೀತಿದರ್ಶನ: ದಾರ್ದೆನ್ ಸಹೋದರರ ‘ಮಗ’

ಕಾವ್ಯವು ನೀತಿಯನ್ನು ಬೋಧಿಸುತ್ತದೆಯೆ, ಬೋಧಿಸುವುದಾದರೆ ಯಾವ ಬಗೆಯಲ್ಲಿ ಎಂಬ ಪ್ರಶ್ನೆಗೆ ನಮ್ಮ ಆಲಂಕಾರಿಕರು ಬಹು ಹಿಂದೆಯೇ ಒಂದು ಸಮಾಧಾನವನ್ನು ಹೇಳಿದ್ದಾರೆ. ಮಮ್ಮಟನ ಪರಂಪರೆಯಲ್ಲಿ ಉಪದೇಶವು ಮೂರು ಬಗೆಯದು. ಒಡೆಯನ ಆಜ್ಞೆಯಂತೆ ವಿಧಿಸುವುದು ಪ್ರಭುಸಂಮಿತ. ಗೆಳೆಯನ ಹಿತವಚನದಂತೆ ತಿಳಿಹೇಳುವುದು ಸುಹೃತ್ಸಂಮಿತ. ಒಲಿದ ಕಾಂತೆಯಂತೆ ಮನಸ್ಸನ್ನು ತನ್ನತ್ತ ಸೆಳೆದುಕೊಂಡು ತಿದ್ದುವುದು ಕಾಂತಾಸಂಮಿತ. ವೇದವು ಮೊದಲನೆಯದಕ್ಕೂ ಪುರಾಣೇತಿಹಾಸಗಳು ಎರಡನೆಯದಕ್ಕೂ ಕಾವ್ಯವು ಮೂರನೆಯದಕ್ಕೂ ನಿದರ್ಶನಗಳು. ಈ ವಿಭಾಗವನ್ನು ಒಪ್ಪುವವರು, ಕಾವ್ಯದ ನೀತಿಯನ್ನು ಅದರ ಹೇಳಿಕೆಗಳಿಗಿಂತ ಮಿಗಿಲಾಗಿ ಅದು ಹೇಳುವ ರೀತಿಯಲ್ಲಿ ಹುಡುಕಬೇಕೆಂಬುದನ್ನೂ ಒಪ್ಪಬೇಕಾಗುತ್ತದೆ.

ಚಲಚ್ಚಿತ್ರಕ್ಕೆ ಈ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ? ನೀತಿಪ್ರಧಾನವೆಂದು ಹೆಸರಾದ ಬಹುಪಾಲು ಚಿತ್ರಗಳಲ್ಲಿ ನೀತಿಯು ಪಾತ್ರಗಳ ಬಾಯಲ್ಲಿರುತ್ತದೆ. ಒಳ್ಳೆಯವನು ಒಳ್ಳೆಯ ಮಾತನ್ನಾಡುತ್ತಾನೆ. ಕೆಟ್ಟವನು ಕೊನೆಯ ದೃಶ್ಯದಲ್ಲಿ ಕಣ್ಣೀರಿಡುತ್ತಾನೆ. ಆ ಕಣ್ಣೀರಿಗೆ ವಾದ್ಯಮೇಳವು ಒತ್ತಾಸೆಯಾಗುತ್ತದೆ. ಇದು ಕಾಂತೆಯ ಉಡುಗೆ ತೊಟ್ಟ ಪ್ರಭುವಿನ ಆಜ್ಞೆಯೇ ಹೊರತು ಬೇರೆಯಲ್ಲ. ಹಾಗಾದರೆ ಕ್ಯಾಮರಾ ನಿಲ್ಲುವ ಸ್ಥಾನ, ಒಂದೊಂದು ಚಿತ್ರಿಕೆಯ ಅವಧಿ, ಸಂಗೀತದ ಅಭಾವ, ಕೈಗಳ ಚಲನೆ ಮುಂತಾದ ಶೈಲಿಯ ಅಂಗಗಳೇ ಒಂದು ನೈತಿಕ ದರ್ಶನವನ್ನು ಹೊತ್ತು ನಿಲ್ಲಬಲ್ಲವೆ? ಈ ಪ್ರಶ್ನೆಗೆ ಬೆಲ್ಜಿಯಂ ದೇಶದ ಝಾನ್-ಪಿಯರ್ ಮತ್ತು ಲ್ಯುಕ್ ದಾರ್ದೆನ್ ಸಹೋದರರು 2002ರಲ್ಲಿ ನಿರ್ಮಿಸಿದ ‘ಲ ಫಿಸ್’, ಎಂದರೆ ‘ಮಗ’, ಎಂಬ ಫ್ರೆಂಚ್ ಭಾಷೆಯ ಚಿತ್ರವು ಉತ್ತರವನ್ನೊದಗಿಸುತ್ತದೆ. ಆ ಉತ್ತರದ ಸ್ವಾರಸ್ಯವನ್ನು ಅರಿಯಲು ಅದರ ಹಿನ್ನೆಲೆಯಲ್ಲಿರುವ ಒಬ್ಬ ದಾರ್ಶನಿಕರ ವಿಚಾರವನ್ನು ಮೊದಲು ಸಂಗ್ರಹವಾಗಿಯಾದರೂ ತಿಳಿಯಬೇಕು.

ಎಮಾನ್ಯುಯಲ್ ಲೆವಿನಾಸ್ ಅವರು 1906ರಲ್ಲಿ ಲಿಥುವೇನಿಯದ ಕೌನಸ್ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದವರು. ಫ್ರಾನ್ಸಿಗೆ ಬಂದು ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿ, ಜರ್ಮನಿಯ ಫ್ರೈಬುರ್ಗಿನಲ್ಲಿ ಹುಸರ್ಲ್ ಮತ್ತು ಹೈಡೆಗರ್ ಅವರ ಪಾಠಗಳನ್ನು ಕೇಳಿದರು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಸೆರೆಸಿಕ್ಕು 1940ರಿಂದ ಯುದ್ಧಾಂತ್ಯದವರೆಗೆ ಬಂದಿಗಳಾಗಿದ್ದರು. ಅತ್ತ ಲಿಥುವೇನಿಯದಲ್ಲಿ ಅವರ ತಂದೆ, ತಾಯಿ, ಸೋದರರೆಲ್ಲರೂ ಕೊಲೆಗೀಡಾದರು. 1961ರಲ್ಲಿ ಪ್ರಕಟವಾದ ‘ಸಮಗ್ರತೆ ಮತ್ತು ಅನಂತತೆ’ ಎಂಬ ಅವರ ಗ್ರಂಥದ ಹಿಂದೆ ಈ ಅನುಭವವಿದೆಯೆಂಬುದನ್ನು ಮರೆಯಲಾಗದು.

ಪಾಶ್ಚಾತ್ಯ ತತ್ತ್ವಶಾಸ್ತ್ರವು ಬಹುಮಟ್ಟಿಗೆ ಅನ್ಯವಾದುದನ್ನು ತಿಳಿದು ತನ್ನೊಳಗೆ ಅಡಗಿಸಿಕೊಳ್ಳುವ ಪ್ರಯತ್ನವಾಗಿದೆಯೆಂಬುದು ಲೆವಿನಾಸರ ಆಕ್ಷೇಪ. ತಿಳಿಯುವುದೆಂದರೆ ವಶಪಡಿಸಿಕೊಳ್ಳುವುದು. ಆದರೆ ಎದುರಿಗೆ ನಿಂತ ಮನುಷ್ಯನು ಹಾಗೆ ವಶವಾಗತಕ್ಕವನಲ್ಲ. ಅವನ ಮುಖವು ನನ್ನ ಅರಿವನ್ನು ಮೀರಿ ನನ್ನೊಡನೆ ಮಾತನಾಡುತ್ತದೆ, ಕೊಲ್ಲಬೇಡವೆಂದು ನನಗೆ ವಿಧಿಸುತ್ತದೆ ಎಂದು ಪ್ರತಿಯೊಬ್ಬನೂ ಅರಿಯಬೇಕು. ಆ ಮುಖವು ಅತ್ಯಂತ ದುರ್ಬಲವಾದುದು. ಆದುದರಿಂದಲೇ ಅದು ಕೊಲೆಗೆ ಪ್ರಚೋದನೆಯೂ ಹೌದು, ಕೊಲೆಗೆ ನಿಷೇಧವೂ ಹೌದು. ನೀತಿಯು ಆರಂಭವಾಗುವುದು ಇಲ್ಲಿ. ಉಳಿದೆಲ್ಲ ತತ್ತ್ವವಿಚಾರಕ್ಕಿಂತ ಇದು ಮೊದಲು. ಇದು ಅವರ ಸಿದ್ಧಾಂತದ ಸಾರ.

ಇಲ್ಲೊಂದು ತೊಡಕಿದೆ. ಲೆವಿನಾಸರು ಬಿಂಬವನ್ನು ನಂಬಿದವರಲ್ಲ. ಬಿಂಬವು ವಸ್ತುವಿನ ಸ್ಥಾನದಲ್ಲಿ ಅದರ ನೆರಳನ್ನು ಇರಿಸಿ, ನೋಡುವವನನ್ನು ತನ್ನ ಲಯದಲ್ಲಿ ಮಂಕುಗೊಳಿಸಿ, ಅವನ ಹೊಣೆಯನ್ನು ಮರೆಸುತ್ತದೆಯೆಂದು ಅವರು 1948ರಷ್ಟು ಹಿಂದೆಯೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು. ‘ಮುಖ’ವೆಂದು ಅವರು ಹೇಳುವಾಗ ಕಣ್ಣು, ಮೂಗು, ಬಾಯಿಗಳ ಆಕೃತಿಯನ್ನು ಹೇಳುತ್ತಿಲ್ಲ. ಎದುರಿನವನ ಕಣ್ಣಿನ ಬಣ್ಣವನ್ನು ಗಮನಿಸುತ್ತಿರುವವನು ಅವನನ್ನು ಇನ್ನೂ ಒಂದು ವಸ್ತುವಾಗಿಯೇ ನೋಡುತ್ತಿದ್ದಾನೆ. ಚಲಚ್ಚಿತ್ರವೋ ಆಕೃತಿಗಳ ಕಲೆ. ಮುಖದ ಸಮೀಪ ಚಿತ್ರಿಕೆಯಲ್ಲಿ ಅದಕ್ಕಿರುವ ಪ್ರಾವೀಣ್ಯ ಮತ್ತಾವ ಕಲೆಗೂ ಇಲ್ಲ. ನಟನ ಮುಖವನ್ನು ಪರದೆಯ ತುಂಬ ಹಿಗ್ಗಿಸಿ, ಅವನ ಅಂತರಂಗವನ್ನೆಲ್ಲ ಪ್ರೇಕ್ಷಕನ ಕೈಗೊಪ್ಪಿಸುವುದು ಅದರ ರೂಢಿ. ಲೆವಿನಾಸರ ದೃಷ್ಟಿಯಲ್ಲಿ ಇದು ಮುಖವನ್ನು ಕಾಣಿಸುವ ಬದಲು ಅಳಿಸುವ ಕ್ರಿಯೆ. ಅಂದಮೇಲೆ ಅವರ ದರ್ಶನವನ್ನು ಚಲಚ್ಚಿತ್ರದ ಭಾಷೆಯಲ್ಲಿ ಹೇಳುವುದು ಹೇಗೆ?

ದಾರಿಯನ್ನು ಲೆವಿನಾಸರೇ ಒಂದೆಡೆ ಸೂಚಿಸಿದ್ದಾರೆ. ರಷ್ಯಾದ ವಸೀಲಿ ಗ್ರಾಸ್‌ಮನ್ ಅವರ ‘ಬದುಕು ಮತ್ತು ವಿಧಿ’ ಎಂಬ ಕಾದಂಬರಿಯ ಹಸ್ತಪ್ರತಿಯನ್ನು ಸೋವಿಯತ್ ಅಧಿಕಾರಿಗಳು 1961ರಲ್ಲಿ ವಶಪಡಿಸಿಕೊಂಡಿದ್ದರು. ಅದು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಗಿ ಹೊರಬಂದುದು 1980ರಲ್ಲಿ. ಅದರಲ್ಲಿ ಮಾಸ್ಕೋ ನಗರದ ಲುಬ್ಯಾಂಕಾ ಸೆರೆಮನೆಯ ಕಿಟಕಿಯ ಮುಂದೆ ತಮ್ಮವರ ಸುದ್ದಿಗಾಗಿ ಸಾಲುಗಟ್ಟಿ ನಿಂತ ಜನರ ಚಿತ್ರ ಬರುತ್ತದೆ. ಪ್ರತಿಯೊಬ್ಬನಿಗೂ ಕಾಣುವುದು ಮುಂದಿನವನ ಬೆನ್ನು ಮತ್ತು ಹೆಡತಲೆ ಮಾತ್ರ. ಮನುಷ್ಯನ ಬೆನ್ನು ಇಷ್ಟೊಂದು ದುಃಖವನ್ನು ನುಡಿಯಬಲ್ಲುದೆಂದು ಆ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಬೆರಗಾಗುತ್ತಾಳೆ. 1984ರ ಒಂದು ಲೇಖನದಲ್ಲಿ ಲೆವಿನಾಸರು ಈ ಸನ್ನಿವೇಶವನ್ನು ನೆನೆದು, ತಾವು ಹೇಳುವ ಮುಖವೆಂಬುದು ಮನುಷ್ಯನ ಮೋರೆಗೇ ಸೀಮಿತವಲ್ಲವೆಂದೂ, ಬಗ್ಗಿದ ಹೆಗಲು, ಬಿಗಿದ ಕತ್ತುಗಳೂ ಮುಖವಾಗಬಲ್ಲವೆಂದೂ ಸ್ಪಷ್ಟಪಡಿಸಿದರು.

ದಾರ್ದೆನ್ ಸಹೋದರರಲ್ಲಿ ಕಿರಿಯರಾದ ಲ್ಯುಕ್ ತತ್ತ್ವಶಾಸ್ತ್ರದ ವಿದ್ಯಾರ್ಥಿ. 2005ರಲ್ಲಿ ಗ್ರಂಥರೂಪವಾಗಿ ಬಂದ ಅವರ ದಿನಚರಿಯಲ್ಲಿ ಲೆವಿನಾಸರ ಚಿಂತನೆ ಮತ್ತೆ ಮತ್ತೆ ಸುಳಿಯುತ್ತದೆ. ಆ ಗ್ರಂಥಕ್ಕಿರುವ ಹೆಸರಿನ ಅರ್ಥವೇ ‘ನಮ್ಮ ಬಿಂಬಗಳ ಬೆನ್ನಲ್ಲಿ’ ಎಂದು. ಲಿಯೇಜ್ ನಗರದ ಬಳಿ ಮ್ಯೂಸ್ ನದಿಯ ದಂಡೆಯಲ್ಲಿರುವ ಸೆರೇಂಗ್ ಎಂಬ ಉಕ್ಕಿನ ಪಟ್ಟಣವು ಈ ಸಹೋದರರ ಬಹುತೇಕ ಚಿತ್ರಗಳ ಭೂಮಿಕೆ. ಕುಲುಮೆಗಳು ಒಂದೊಂದಾಗಿ ಆರಿದಾಗ ಆ ಊರಿನಲ್ಲಿ ಕೆಲಸ ಹೋಯಿತು. ಕೆಲಸದೊಡನೆ, ತಂದೆಯಿಂದ ಮಗನಿಗೆ ಬರುತ್ತಿದ್ದ ಕಸುಬೂ ಬಾಳಿನ ಕಟ್ಟಳೆಯೂ ಹೋದವು. ಸಾಕ್ಷ್ಯಚಿತ್ರಗಳಿಂದ ತಮ್ಮ ವೃತ್ತಿಯನ್ನು ಆರಂಭಿಸಿದ ಅವರು 1996ರ ‘ಕೊಟ್ಟ ಮಾತು’, 1999ರ ‘ರೋಜೆಟಾ’ ಚಿತ್ರಗಳಿಂದ ಜಗತ್ತಿನ ಗಮನವನ್ನು ಸೆಳೆದರು. ಎರಡನೆಯದಕ್ಕೆ ಕಾನ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿ ದೊರೆಯಿತು. ‘ಮಗ’ ಚಿತ್ರದ ಮುಖ್ಯ ಪಾತ್ರವನ್ನು ವಹಿಸಿದ ಒಲಿವಿಯೇ ಗೂರ್ಮೆ ಅವರಿಗೆ 2002ರಲ್ಲಿ ಅದೇ ಉತ್ಸವದಲ್ಲಿ ಶ್ರೇಷ್ಠ ನಟರೆಂಬ ಮನ್ನಣೆ ಸಂದಿತು.

ಚಿತ್ರದ ಕಥೆಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಬಹುದು. ದಾರಿ ತಪ್ಪಿದ ಹುಡುಗರಿಗೆ ಕಸುಬು ಕಲಿಸುವ ಕೇಂದ್ರವೊಂದರಲ್ಲಿ ಒಲಿವಿಯೇ ಎಂಬಾತ ಬಡಗಿ ಕೆಲಸದ ಶಿಕ್ಷಕ. ಅಲ್ಲಿಗೆ ಫ್ರಾನ್ಸಿಸ್ ಎಂಬ ಹದಿನಾರರ ಹುಡುಗ ಕಲಿಯಲು ಬರುತ್ತಾನೆ. ಐದು ವರ್ಷಗಳ ಹಿಂದೆ ಕಾರಿನ ರೇಡಿಯೋ ಕದಿಯಲು ಹೋಗಿ, ಒಳಗಿದ್ದ ಚಿಕ್ಕ ಹುಡುಗನ ಕತ್ತು ಹಿಸುಕಿ ಕೊಂದು, ಶಿಕ್ಷೆಯನ್ನನುಭವಿಸಿ ಹೊರಬಂದವನು ಅವನು. ಸತ್ತ ಮಗುವು ಒಲಿವಿಯೇಯ ಮಗ. ಅದು ಒಲಿವಿಯೇಗೆ ತಿಳಿದಿದೆ, ಫ್ರಾನ್ಸಿಸ್‌ಗೆ ತಿಳಿದಿಲ್ಲ.

ಇಷ್ಟು ಕಥೆಯಿಂದ ಸೇಡಿನ ಕಥನವನ್ನೂ ಕಟ್ಟಬಹುದಾಗಿತ್ತು, ಕ್ಷಮೆಯ ಕಥನವನ್ನೂ ಕಟ್ಟಬಹುದಾಗಿತ್ತು. ಈ ಎರಡರಿಂದಲೂ ಚಿತ್ರವನ್ನು ಕಾಪಾಡಿರುವುದು ಅದರ ಶೈಲಿ. ಆರಂಭದಲ್ಲಿ ಹೆಸರುಗಳು ಮೂಡುವ ಕಪ್ಪು ಹಿನ್ನೆಲೆಯು, ಕ್ಯಾಮರಾ ಸರಿದಂತೆ, ಒಬ್ಬ ಮನುಷ್ಯನ ಬೆನ್ನೆಂದು ತಿಳಿದುಬರುತ್ತದೆ. ಅಲ್ಲಿಂದ ಮುಂದೆ ಕ್ಯಾಮರಾ ಒಲಿವಿಯೇಯ ಬೆನ್ನ ಹಿಂದೆ, ಅವನ ಹೆಗಲಿಗೆ ತಾಗುವಷ್ಟು ಹತ್ತಿರದಲ್ಲಿ, ಅವನು ನಡೆದಲ್ಲಿ ನಡೆದು, ಓಡಿದಲ್ಲಿ ಓಡಿ, ತಿರುಗಿದಲ್ಲಿ ತಡವರಿಸುತ್ತ ಸಾಗುತ್ತದೆ. ಪ್ರೇಕ್ಷಕನಿಗೆ ಕಾಣುವುದು ಹೆಚ್ಚಾಗಿ ಅವನ ಹೆಡತಲೆ, ಕಿವಿ, ಕನ್ನಡಕದ ಅಂಚು, ನೋಯುವ ಸೊಂಟಕ್ಕೆ ಬಿಗಿದ ತೊಗಲಿನ ಪಟ್ಟಿ. ಹೊಸ ಹುಡುಗನನ್ನು ತನ್ನಲ್ಲಿ ಸೇರಿಸಿಕೊಳ್ಳಲು ಅವನು ಮೊದಲು ಒಪ್ಪುವುದಿಲ್ಲ. ಆದರೆ ಮರುಕ್ಷಣವೇ ಮೊಗಸಾಲೆಗಳಲ್ಲಿ ಓಡುತ್ತಾನೆ, ಗೋಡೆಯಂಚಿನಿಂದ ಇಣುಕುತ್ತಾನೆ. ಏಕೆಂದು ಪ್ರೇಕ್ಷಕನಿಗೆ ಬಹು ಹೊತ್ತು ತಿಳಿಯುವುದಿಲ್ಲ. ತಿಳಿದ ಮೇಲೂ, ಹುಡುಗನನ್ನು ಕೊಲ್ಲಲೆಂದು ಹತ್ತಿರ ಕರೆದುಕೊಂಡನೋ ಕಾಯಲೆಂದು ಕರೆದುಕೊಂಡನೋ ಎಂಬುದು ತಿಳಿಯುವುದಿಲ್ಲ.

ಇದನ್ನು ರಸಪ್ರಕ್ರಿಯೆಯ ಪರಿಭಾಷೆಯಲ್ಲಿ ವಿವೇಚಿಸಿದರೆ ವಿಷಯವು ಇನ್ನೂ ವಿಶದವಾಗುತ್ತದೆ. ಸ್ಥಾಯಿಭಾವವು ಸಹೃದಯನಿಗೆ ಗೋಚರವಾಗುವುದು ವಿಭಾವ, ಅನುಭಾವ, ಸಂಚಾರಿಭಾವಗಳ ಮೂಲಕ. ಇಲ್ಲಿ ವಿಭಾವಗಳೆಲ್ಲವೂ ಇವೆ: ಮಗನನ್ನು ಕೊಂದವನು ಕೈಯಳವಿನಲ್ಲಿದ್ದಾನೆ, ಸುತ್ತಲೂ ಗರಗಸ, ಸುತ್ತಿಗೆ, ಉಳಿಗಳಿವೆ. ಕ್ರೋಧಕ್ಕಾಗಲಿ ಶೋಕಕ್ಕಾಗಲಿ ಇದಕ್ಕಿಂತ ಬಲವಾದ ಸಾಮಗ್ರಿ ಬೇಕಿಲ್ಲ. ಆದರೆ ಯಾವುದು ಕ್ರೋಧ, ಯಾವುದು ಶೋಕ, ಯಾವುದು ಕರುಣೆ ಎಂದು ನಿರ್ಣಯಿಸಿಕೊಡಬೇಕಾದ ಮುಖದ ಅನುಭಾವಗಳನ್ನು ಕ್ಯಾಮರಾ ಮರೆಮಾಡಿದೆ. ಉಳಿದಿರುವುದು ಬೆನ್ನಿನ ಬಿಗಿತ, ಉಸಿರಿನ ಏರಿಳಿತ, ಹೆಜ್ಜೆಯ ತಡವರಿಕೆ. ಅನುಭಾವದ ಈ ಅರೆಕೊರೆಯನ್ನು ಸಾಮಾನ್ಯ ಕೃತಿಯಲ್ಲಿ ದೋಷವೆನ್ನಬೇಕಾಗುತ್ತಿತ್ತು. ಇಲ್ಲಿ ಅದು ಗುಣವಾಗಿದೆ. ಒಲಿವಿಯೇಗೆ ಫ್ರಾನ್ಸಿಸನ ಅಂತರಂಗ ಹೇಗೆ ಅಗಮ್ಯವೋ ಹಾಗೆ ಪ್ರೇಕ್ಷಕನಿಗೆ ಒಲಿವಿಯೇಯ ಅಂತರಂಗ ಅಗಮ್ಯ. ಅನ್ಯನು ತಿಳಿವಳಿಕೆಗೆ ದಕ್ಕುವವನಲ್ಲವೆಂಬ ತತ್ತ್ವವನ್ನು ಯಾವ ಪಾತ್ರವೂ ಹೇಳುವುದಿಲ್ಲ. ಪ್ರೇಕ್ಷಕನೇ ಒಂದೂಮುಕ್ಕಾಲು ಗಂಟೆಯ ಹೊತ್ತು ಆ ಸ್ಥಿತಿಯಲ್ಲಿರಬೇಕಾಗುತ್ತದೆ. ತಿಳಿಯದ ಮನುಷ್ಯನ ಹಿಂದೆ, ಅವನು ಕೊಲ್ಲದಿರಲಿ ಎಂದು ಹಾರೈಸುತ್ತ ನಡೆಯುವುದೇ ಈ ಚಿತ್ರದ ಅನುಭವ. ಮುಖವನ್ನು ಕಾಣಿಸದೆಯೇ ಮುಖದ ಮಾತನ್ನು ಕೇಳಿಸುವ ಉಪಾಯವಿದು.

ಶೈಲಿಯ ಎರಡನೆಯ ಅಂಗ ಅಳತೆ. ಒಲಿವಿಯೇ ಸದಾ ಮಡಿಚುವ ಅಳತೆಪಟ್ಟಿಯೊಂದನ್ನು ಇಟ್ಟುಕೊಂಡಿರುವವನು. ಹುಡುಗರಿಗೆ ಅವನು ಮೊದಲು ಕಲಿಸುವ ವಿದ್ಯೆಗಳಲ್ಲಿ ಅಳೆಯುವುದೂ ಒಂದು. ಅವನು ಕಣ್ಣಂದಾಜಿನಿಂದಲೇ ದೂರವನ್ನು ಹೇಳಬಲ್ಲನು. ಒಂದು ರಾತ್ರಿ ಬೀದಿಯಲ್ಲಿ ಇಬ್ಬರೂ ಎದುರುಬದುರು ನಿಂತಿರುವಾಗ ಹುಡುಗನು ತಮ್ಮಿಬ್ಬರ ಕಾಲುಗಳ ನಡುವಣ ಅಂತರವೆಷ್ಟೆಂದು ಕೇಳುತ್ತಾನೆ. ಒಲಿವಿಯೇ ಹೇಳುತ್ತಾನೆ, ಹುಡುಗ ಅಳೆದು ನೋಡಿ ಅದು ನಿಜವಾದುದಕ್ಕೆ ಬೆರಗಾಗುತ್ತಾನೆ. ಮೇಲ್ನೋಟಕ್ಕೆ ಇದು ಕಸುಬಿನ ಚಮತ್ಕಾರ. ಆದರೆ ಮಗನನ್ನು ಕಳೆದುಕೊಂಡವನಿಗೂ ಮಗನನ್ನು ಕೊಂದವನಿಗೂ ನಡುವೆ ಇರುವ ಅಂತರವನ್ನು ಆ ಕೊಂದವನೇ ಅರಿಯದೆ ಅಳೆಯುತ್ತಿದ್ದಾನೆಂಬ ಅರ್ಥವು ವಾಚ್ಯವಾಗದೆ ಧ್ವನಿಸುತ್ತದೆ. ಆಮೇಲೆ ಇಡೀ ಚಿತ್ರವೇ ಆ ಅಂತರದ ಇತಿಹಾಸವೆಂದು ತೋರತೊಡಗುತ್ತದೆ. ತುಂಬ ಹತ್ತಿರವಾದರೆ ಕೈ ಕತ್ತಿಗೆ ಹೋಗುತ್ತದೆ. ದೂರವಾದರೆ ಹುಡುಗನು ಮತ್ತೆ ಅನಾಥನಾಗುತ್ತಾನೆ. ಕಲಿಸುವವನಿಗೂ ಕಲಿಯುವವನಿಗೂ ಇರಬೇಕಾದ ದೂರವೊಂದುಂಟು. ಒಲಿವಿಯೇ ಹುಡುಕುತ್ತಿರುವುದು ಅದನ್ನು.

ಮೂರನೆಯದು ಕೆಲಸ. ಹಲಗೆಯನ್ನು ಹೇಗೆ ಹಿಡಿಯಬೇಕು, ಹೆಗಲ ಮೇಲೆ ತೊಲೆಯಿಟ್ಟುಕೊಂಡು ಏಣಿಯನ್ನು ಹೇಗೆ ಹತ್ತಬೇಕು, ಸಲಕರಣೆಗಳ ಪೆಟ್ಟಿಗೆಯನ್ನು ಹೇಗೆ ಜೋಡಿಸಬೇಕು ಎಂಬುದನ್ನು ಚಿತ್ರವು ಅವಸರವಿಲ್ಲದೆ, ಕತ್ತರಿಸದ ದೀರ್ಘ ಚಿತ್ರಿಕೆಗಳಲ್ಲಿ ನೋಡುತ್ತದೆ. ಹಿನ್ನೆಲೆ ಸಂಗೀತವಿಲ್ಲ, ಗರಗಸದ ಸದ್ದು, ಸುತ್ತಿಗೆಯ ಪೆಟ್ಟು, ಮರದ ಮೇಲೆ ಮರ ಬೀಳುವ ದನಿಗಳೇ ಅಲ್ಲಿನ ಸಂಗೀತ. ಮನಸ್ಸಿನ ಸ್ಥಿತಿಯನ್ನು ಹೇಳಲು ಮಾತಿಲ್ಲದವರು ಕೈಕೆಲಸದ ಮೂಲಕ ಒಬ್ಬರಿಗೊಬ್ಬರು ಹೊಣೆಯಾಗುತ್ತಾರೆ. ತೊಲೆಯ ಒಂದು ತುದಿಯನ್ನು ಹಿಡಿದವನು ಇನ್ನೊಂದು ತುದಿಯನ್ನು ಹಿಡಿದವನನ್ನು ಮರೆಯುವಂತಿಲ್ಲ. ಮರೆತರೆ ಇಬ್ಬರಿಗೂ ಪೆಟ್ಟು. ದಿನಗಳೆದಂತೆ ಹುಡುಗನು ಒಲಿವಿಯೇಯನ್ನು ತನ್ನ ಪಾಲಕನಾಗುವಂತೆ ಕೇಳಿಕೊಳ್ಳುತ್ತಾನೆ. ತಾನು ಯಾರ ಮಗನನ್ನು ಕೊಂದೆನೋ ಅವನಲ್ಲಿಯೇ ತಂದೆಯನ್ನು ಬೇಡುವ ಈ ಸನ್ನಿವೇಶದಲ್ಲಿ ‘ಮಗ’ ಎಂಬ ಹೆಸರು ಇಬ್ಬರಿಗೂ ಅನ್ವಯಿಸತೊಡಗುತ್ತದೆ.

ಕೊನೆಯ ಭಾಗದಲ್ಲಿ ಒಲಿವಿಯೇ ಹುಡುಗನನ್ನು ಊರಾಚೆಯ ಒಂದು ಸಾಮಿಲ್ಲಿಗೆ ಮರ ತರಲು ಕರೆದೊಯ್ಯುತ್ತಾನೆ. ಅಲ್ಲಿ ಬೇರಾರೂ ಇಲ್ಲ. ದಾರಿಯಲ್ಲಿ ಅವನು ಕೇಳಿದ್ದಕ್ಕೆ ಉತ್ತರವಾಗಿ ಹುಡುಗನು ತನ್ನ ಅಪರಾಧವನ್ನು ಬಿಡಿಬಿಡಿಯಾಗಿ ಹೇಳಿದ್ದಾನೆ: ಮಗು ತನ್ನನ್ನು ಹಿಡಿದುಕೊಂಡು ಬಿಡಲಿಲ್ಲವೆಂದು, ಬಿಡಿಸಿಕೊಳ್ಳಲೆಂದು ಕತ್ತನ್ನು ಹಿಡಿದೆನೆಂದು. ಯಹೂದಿ ಮತ್ತು ಕ್ರೈಸ್ತ ಪರಂಪರೆಗಳನ್ನು ಬಲ್ಲವರಿಗೆ ಇಲ್ಲಿ ಅಬ್ರಹಾಮನ ಕಥೆ ನೆನಪಾಗದಿರದು. ಬಲಿಗೆ ಬೇಕಾದ ಕಟ್ಟಿಗೆಯನ್ನು ಮಗನ ಮೇಲೆಯೇ ಹೊರಿಸಿ, ಅವನನ್ನು ಬೆಟ್ಟಕ್ಕೆ ಕರೆದೊಯ್ದ ತಂದೆ ಅಬ್ರಹಾಮ. ಆ ಕಥೆಯ ಅತ್ಯುನ್ನತ ಗಳಿಗೆಯು ಬಲಿ ಕೊಡೆಂಬ ಮೊದಲ ಆಜ್ಞೆಯನ್ನು ಪಾಲಿಸಿದುದರಲ್ಲಿ ಇಲ್ಲ, ಕೊಲ್ಲಬೇಡವೆಂಬ ಎರಡನೆಯ ದನಿಗೆ ಕಿವಿ ತೆರೆದಿದ್ದುದರಲ್ಲಿ ಇದೆಯೆಂದು ಲೆವಿನಾಸರು ಕೀರ್ಕೆಗಾರ್ಡನನ್ನು ವಿಮರ್ಶಿಸುವಾಗ ವಾದಿಸಿದ್ದರು. ಚಿತ್ರವು ಆ ಎರಡನೆಯ ದನಿಯನ್ನು ಆಕಾಶವಾಣಿಯಾಗಿ ಕೇಳಿಸುವುದಿಲ್ಲ. ನೀನು ಕೊಂದ ಹುಡುಗ ನನ್ನ ಮಗನೆಂದು ಒಲಿವಿಯೇ ಯಾವ ಪೀಠಿಕೆಯೂ ಇಲ್ಲದೆ ತಿಳಿಸುತ್ತಾನೆ. ಹುಡುಗ ಓಡುತ್ತಾನೆ; ಮರದ ರಾಶಿಗಳ ನಡುವೆ, ಆಮೇಲೆ ಹೊರಗಿನ ಕಾಡಿನಲ್ಲಿ ಅಟ್ಟಿಸಿಕೊಂಡು ಹೋಗಿ ಒಲಿವಿಯೇ ಅವನನ್ನು ಕೆಡವುತ್ತಾನೆ. ಅವನ ಕೈಗಳು ಹುಡುಗನ ಕತ್ತನ್ನು ಹಿಡಿಯುತ್ತವೆ. ತನ್ನ ಮಗನ ಕತ್ತನ್ನು ಹಿಡಿದಿದ್ದ ಕೈಗಳ ಕ್ರಿಯೆಯೇ ಇಲ್ಲಿ ಮರುಕಳಿಸುತ್ತದೆ. ಇಬ್ಬರ ಏದುಸಿರಷ್ಟೇ ಕೇಳುತ್ತದೆ. ಆಮೇಲೆ ಕೈಗಳು ಸಡಿಲುತ್ತವೆ.

ಒಲಿವಿಯೇ ಹಿಂದಿರುಗಿ ಹಲಗೆಗಳನ್ನು ಟ್ರೇಲರಿಗೆ ತುಂಬತೊಡಗುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಹುಡುಗನು ತಾನಾಗಿಯೇ ಬಂದು ನಿಲ್ಲುತ್ತಾನೆ. ಒಂದು ಹಲಗೆಗೆ ಕೈಹಾಕುತ್ತಾನೆ. ಇಬ್ಬರೂ ಮಾತಿಲ್ಲದೆ ಹೇರನ್ನು ಜೋಡಿಸಿ, ಹೊದಿಸಿ, ಕಟ್ಟತೊಡಗುತ್ತಾರೆ. ಕಟ್ಟು ಮುಗಿಯುವ ಮುನ್ನವೇ ಪರದೆ ಕಪ್ಪಾಗುತ್ತದೆ. ಅಪ್ಪುಗೆಯಿಲ್ಲ, ಕಣ್ಣೀರಿಲ್ಲ, ಕ್ಷಮಿಸಿದೆನೆಂಬ ಮಾತಿಲ್ಲ. ಕತ್ತಿನಿಂದ ತೆಗೆದ ಕೈಗಳನ್ನು ಹಲಗೆಯ ಮೇಲೆ ಇಟ್ಟುದಷ್ಟೇ ನಡೆದ ಘಟನೆ.

ಇದನ್ನು ಕ್ಷಮೆಯ ಚಿತ್ರವೆಂದು ಹೊಗಳಿದವರು ಅನೇಕರು. ಆ ಹೊಗಳಿಕೆಯನ್ನು ಎಚ್ಚರದಿಂದ ಪರಿಶೀಲಿಸಬೇಕು. ಸತ್ತವನು ಮಗು, ಅವನ ಪರವಾಗಿ ಕ್ಷಮಿಸುವ ಅಧಿಕಾರ ಯಾರಿಗಿದೆ? ಒಬ್ಬ ಮನುಷ್ಯನಿಗೆ ಎಸಗಿದ ಅಪರಾಧವನ್ನು ಆ ಮನುಷ್ಯನೇ ಮನ್ನಿಸಬೇಕು, ಅವನ ಬದಲಿಗೆ ಇನ್ನೊಬ್ಬರು ಮನ್ನಿಸಲಾಗದು ಎಂಬುದು ಲೆವಿನಾಸರು ವ್ಯಾಖ್ಯಾನಿಸಿದ ಯಹೂದಿ ಶಾಸ್ತ್ರಗಳ ಕಠಿಣ ನಿಲುವು. ಚಿತ್ರವು ಈ ನಿಲುವನ್ನು ಮೀರುವುದಿಲ್ಲ. ಮಗುವಿನ ತಾಯಿ ಮಗಾಲಿಯ ಪಾತ್ರ ಇದಕ್ಕೆ ಸಾಕ್ಷಿ. ಒಲಿವಿಯೇಯಿಂದ ಬೇರೆಯಾಗಿರುವ ಆಕೆ ಮರುಮದುವೆಯಾಗಲಿದ್ದಾಳೆ, ಗರ್ಭಿಣಿಯಾಗಿದ್ದಾಳೆ. ಕೊಂದವನೇ ಒಲಿವಿಯೇಯ ಕಾರಿನಲ್ಲಿ ಕುಳಿತಿರುವುದನ್ನು ಅರಿತಾಗ ಆಕೆ ಕುಸಿದು ಬೀಳುತ್ತಾಳೆ. ಯಾರೂ ಮಾಡದ ಈ ಕೆಲಸವನ್ನು ನೀನೇಕೆ ಮಾಡುತ್ತಿರುವೆ ಎಂಬುದು ಆಕೆಯ ಪ್ರಶ್ನೆ. ತನಗೆ ತಿಳಿಯದೆಂಬುದು ಅವನ ಉತ್ತರ. ಆ ಉತ್ತರದಲ್ಲಿ ಮಹಾತ್ಮನ ಪ್ರಭೆಯಿಲ್ಲ. ಆಕೆಯ ಪ್ರಶ್ನೆಯಾದರೋ ನ್ಯಾಯವಾದುದು. ನಾನು ಮತ್ತು ಎದುರಿನವನು ಇಬ್ಬರೇ ಇದ್ದಾಗ ಹೊಣೆಗೆ ಮಿತಿಯಿಲ್ಲವೆಂದೂ, ಮೂರನೆಯವನು ಬಂದೊಡನೆ ತೂಗಿ ನೋಡುವ ನ್ಯಾಯದ ಪ್ರಶ್ನೆ ಏಳುತ್ತದೆಯೆಂದೂ ಲೆವಿನಾಸರೇ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಮಗಾಲಿಯು ಆ ಮೂರನೆಯವಳು. ಆಕೆಗೆ ಸಲ್ಲಬೇಕಾದುದು ಸಂದಿತೆ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಕೊನೆಯ ದೃಶ್ಯದಲ್ಲಿ ಆಕೆಯ ಸುಳಿವೇ ಇಲ್ಲ. ಇದನ್ನು ಚಿತ್ರದ ಮಿತಿಯೆಂದು ಒಪ್ಪಿಕೊಳ್ಳಬೇಕು. ಆದರೆ ಆಕೆಯ ನೋವನ್ನು ಸುಲಭವಾದ ಸಮಾಧಾನದಿಂದ ಮುಚ್ಚಿಲ್ಲವೆಂಬುದನ್ನೂ ಅದರ ಲೆಕ್ಕಕ್ಕೆ ಸೇರಿಸಬೇಕು.

ಇನ್ನೊಂದು ಆಕ್ಷೇಪವುಂಟು. ಸದಾ ಬೆನ್ನ ಹಿಂದೆ ತೊಯ್ದಾಡುವ ಕ್ಯಾಮರಾ ಪ್ರೇಕ್ಷಕನನ್ನು ದಣಿಸುತ್ತದೆ. ಇಂಥ ಶೈಲಿ ಬಹುಬೇಗ ಬರಿಯ ರೂಢಿಯಾಗುತ್ತದೆ ಎಂದು. ಮಾತು ಸುಳ್ಳಲ್ಲ. ಇವರನ್ನು ಅನುಕರಿಸಿದವರಲ್ಲಿ ಹೆಡತಲೆಯ ಚಿತ್ರಿಕೆಯು ಎಷ್ಟೋ ಸಲ ಕೇವಲ ಮುದ್ರೆಯಾಗಿ ಉಳಿದಿದೆ. ಆದರೆ ಈ ಸಹೋದರರೇ 2008ರ ‘ಲೋರ್ನಾಳ ಮೌನ’ ಚಿತ್ರದಲ್ಲಿ ಕ್ಯಾಮರಾವನ್ನು ಹಿಂದಕ್ಕೆ ಸರಿಸಿ, ಹೆಚ್ಚು ನಿಶ್ಚಲವಾಗಿ ನಿಲ್ಲಿಸಿದರು. ಪಾತ್ರ ಬದಲಾದಾಗ ಅದರೆದುರು ನಿಲ್ಲಬೇಕಾದ ದೂರವೂ ಬದಲಾಗುತ್ತದೆಯೆಂಬುದು ಅವರಿಗೆ ಗೊತ್ತು. ನಮ್ಮವರು ಔಚಿತ್ಯವೆಂದುದು ಇದನ್ನೇ. ಎಲ್ಲಿ ನಿಂತು ನೋಡಬೇಕೆಂಬ ನಿರ್ಧಾರವು ಕುಶಲತೆಗೆ ಸಂಬಂಧಿಸಿದ್ದಷ್ಟೇ ನೀತಿಗೂ ಸಂಬಂಧಿಸಿದ್ದು. ನೋಡಲ್ಪಡುವವನಿಗೆ ನೋಡುವವನು ಸಲ್ಲಿಸುವ ಗೌರವವು ಅದರಲ್ಲಿದೆ.

ಹೀಗೆ ‘ಮಗ’ ಚಿತ್ರವು ಲೆವಿನಾಸರ ಸಿದ್ಧಾಂತಕ್ಕೆ ಬರೆದ ದೃಷ್ಟಾಂತವಲ್ಲ. ಅವರ ಹೆಸರನ್ನು ಕೇಳದವನಿಗೂ ಅದರ ಅನುಭವ ಪೂರ್ಣವಾಗಿಯೇ ದಕ್ಕುತ್ತದೆ. ಕ್ಷಮೆಯು ದೊಡ್ಡ ಮಾತು. ಅದನ್ನು ನುಡಿಯುವುದು ಸುಲಭ, ನಟಿಸುವುದು ಇನ್ನೂ ಸುಲಭ. ಕ್ಷಮಿಸಲಾರದವನೂ ಕೊಲ್ಲದಿರಬಲ್ಲನು, ಕೊಲ್ಲದೆ ಬಿಟ್ಟವನಿಗೆ ಒಂದು ಕಸುಬನ್ನು ಕಲಿಸಬಲ್ಲನು ಎಂಬುದು ಅದಕ್ಕಿಂತ ಚಿಕ್ಕ ಮಾತು. ಆದರೆ ಮಗನನ್ನು ಕಳೆದುಕೊಂಡ ತಂದೆಯೊಬ್ಬನು ನಿಜವಾಗಿ ಮಾಡಬಹುದಾದುದು ಅದು; ಕೈಗಳನ್ನೇ ನೋಡುತ್ತ ಬಂದ ಕ್ಯಾಮರಾ ನಂಬಿಸಬಹುದಾದುದೂ ಅದನ್ನೇ. ಆಡಿ ತೋರಿಸಲಾಗದ ಈ ಚಿಕ್ಕ ಮಾತನ್ನು ಮಾಡಿ ತೋರಿಸಿದುದರಲ್ಲಿ ದಾರ್ದೆನ್ ಸಹೋದರರ ಶೈಲಿ ಸಾರ್ಥಕವಾಗಿದೆ.